ಮಗುಚಿಟ್ಟ ನಕ್ಷೆ

ವಿಜ್ಞಾನ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಲೋಹದ ತುಂಡು ಕಡೆದು ಅಳೆಯುವ ಮೊದಲು ಅಪ್ಪ ಅದರ ಅಳತೆಗಳಿರುವ ನಕ್ಷೆಯನ್ನು ಮಗುಚಿಡುತ್ತಿದ್ದರು. "ಎಷ್ಟಿರಬೇಕು ಅಂತ ಗೊತ್ತಾದ್ರೆ ಕಣ್ಣು ಅಷ್ಟನ್ನೇ ಓದುತ್ತೆ ಮಗಳೇ," ಎನ್ನುತ್ತಿದ್ದರು. ಅಳತೆ ಬರೆದಾದ ಮೇಲೆಯೇ ನಕ್ಷೆಯ ಮುಖ ನೋಡುವುದು. ಹುಟ್ಟಾ ಆತುರಗಾರ್ತಿಯಾದ ನನಗೆ ಈ ಶಾಸ್ತ್ರ ಕಂಡರೆ ಮೈ ಉರಿಯುತ್ತಿತ್ತು.

ಭೌತವಿಜ್ಞಾನ ಓದಿ ಅದೇ ಸಂಸ್ಥೆಯ ಪ್ರಯೋಗಾಲಯ ಸೇರಿದರೆ ಅಲ್ಲೂ ಅದೇ ಶಾಸ್ತ್ರ! ಎಲೆಕ್ಟ್ರಾನು ಪೂರ್ತಿ ಗುಂಡಗಿದೆಯೋ, ಒಂದು ಕಡೆ ತುಸುವಾದರೂ ಉಬ್ಬಿದೆಯೋ ಎಂದು ನೋಡುವುದು ನಮ್ಮ ಕೆಲಸ. ವಿದ್ಯುದಂಶ ಹೊತ್ತ ಅಣುಗಳನ್ನು ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ, ಎಂಟು ಲೋಹದ ರೆಕ್ಕೆಗಳ ನಡುವೆ, ಗೋಡೆಗೆ ತಾಗದಂತೆ ಹಿಡಿದಿಟ್ಟು, ಅವುಗಳೊಳಗಿನ ಎಲೆಕ್ಟ್ರಾನು ಹೇಗೆ ವಾಲುತ್ತದೆಂದು ನೋಡುತ್ತೇವೆ. ಉಬ್ಬು ಕಂಡರೆ, ಯಾರೂ ಕಾಣದ ಹೊಸ ಕಣಗಳ ಸುಳಿವು ಸಿಕ್ಕಂತೆ. ಬೇಕಾದ ಉತ್ತರದ ಕಡೆ ಮನಸ್ಸು ಜಾರಬಾರದೆಂದು ಕಂಪ್ಯೂಟರು ಫಲಿತಾಂಶಕ್ಕೆ ಒಂದು ಗುಟ್ಟಿನ ಸಂಖ್ಯೆ ಕೂಡಿಸಿಡುತ್ತದೆ. ಎಲ್ಲ ತಪಾಸಣೆ ಮುಗಿದ ಮೇಲೆಯೇ ಅದನ್ನು ಕಳೆಯುವುದು. ಆ ಎಂಟು ರೆಕ್ಕೆಗಳು ನಿವೃತ್ತಿಗೆ ಮುಂಚೆ ಅಪ್ಪ ಮಾಡಿದ ಕೊನೆಯ ಕೆಲಸ.

ಗುಟ್ಟು ಬಿಚ್ಚುವುದು ಶುಕ್ರವಾರ ಎಂದಾಯಿತು. ಅಪ್ಪನ ಹೃದಯದ ಆಪರೇಷನ್ ಗುರುವಾರ ಬಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ವಯಸ್ಸಾಗಿದೆ, ಧೈರ್ಯ ತಂದ್ಕೊಳ್ಳಿ," ಎಂದರು.

ಬುಧವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಅಪ್ಪನ ಮಂಚದ ಪಕ್ಕ ಕೂತೆ.

"ಅಪ್ಪಾ, ಒಂದು ಗುಂಡಿ ಒತ್ತಿದ್ರೆ ಸಾಕು. ನಿಮ್ಮ ರೆಕ್ಕೆ ಏನು ಹೇಳ್ತು ಅಂತ ಈಗ್ಲೇ ನೋಡ್ಬಿಡೋಣ."

"ತಪಾಸಣೆ ಎಲ್ಲಾ ಮುಗೀತಾ?"

"ಒಂದು ಬಾಕಿ ಇದೆ."

"ಮತ್ತೆ?"

"ಮತ್ತೇನು ಮತ್ತೆ! ನಾಳೆ ನೀವು..."

ಅಪ್ಪ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. "ನಾನು ಎದ್ಮೇಲೆ ನೋಡೋಣ. ಅಲ್ಲೀವರೆಗೆ ನೀನೂ ನೋಡ್ಬೇಡ."

"ಏಳದಿದ್ರೆ?" ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಬೀಳ.

ಅಪ್ಪ ನಕ್ಕರು. "ಅಳೆಯೋಕೆ ಮುಂಚೆನೇ ಉತ್ತರ ಬರ್ದಿಡ್ತಾರಾ ಯಾರಾದ್ರೂ?"

ಗುರುವಾರ ಆಪರೇಷನ್ ಮುಗಿಯಿತು. ಶುಕ್ರವಾರವಾದರೂ ಅಪ್ಪ ಕಣ್ಣು ಬಿಡಲಿಲ್ಲ. ಹನ್ನೊಂದಕ್ಕೆ ಫೋನ್ ಬಂತು. ನಮ್ಮ ಲೇಸರುಗಳನ್ನು ನೋಡಿಕೊಳ್ಳುವ, ಎಲ್ಲರೂ ಲೇಸರಣ್ಣ ಎಂದು ಕರೆಯುವ ಗೆಳೆಯ.

"ಬಿಚ್ಚಿದ್ವಿ! ಕೇಳು..."

"ಹೇಳ್ಬೇಡ!" ಎಂದು ಕಿರುಚಿದೆ. ನರ್ಸ್ ಗದರಿದರು.

"ತಲೆ ಕೆಟ್ಟಿದ್ಯಾ ನಿಂಗೆ? ಮೂರು ವರ್ಷ ಒದ್ದಾಡಿದ್ದೀಯ!"

"ಮೆಸೇಜ್ ಹಾಕು. ಆಮೇಲೆ ನೋಡ್ತೀನಿ."

ಮೆಸೇಜ್ ಬಂದ ಸದ್ದಾಯಿತು. ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ. ಇಡೀ ದಿನ ಒಮ್ಮೆ ಅದನ್ನು, ಒಮ್ಮೆ ಅಪ್ಪನ ಮುಖವನ್ನು ನೋಡುತ್ತಾ ಕೂತೆ. ಎಲೆಕ್ಟ್ರಾನು ಚೌಕಾಕಾರವಾಗಿದ್ದರೂ ನನಗೆ ಚಿಂತೆಯಿರಲಿಲ್ಲ. ಅಪ್ಪ ಎದ್ದರೆ ಸಾಕಿತ್ತು.

ಶನಿವಾರ ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟರು. ದನಿ ಹೊರಡಲಿಲ್ಲ. ಮೇಜಿನ ಕಡೆ ನೋಡಿ, ಎರಡು ಬೆರಳಿನಿಂದ ತಿರುಗಿಸು ಎಂದು ಸನ್ನೆ ಮಾಡಿದರು.

ಫೋನ್ ತಿರುಗಿಸಿ ಓದಿದೆ. "ಸೊನ್ನೆ, ಅಪ್ಪಾ. ನಮ್ಮ ಅಳತೆಗೆ ಸಿಗೋ ಮಟ್ಟಿಗೆ ಗುಂಡಗೇ ಇದೆ. ಹೊಸ ಕಣ ಗಿಣ ಏನೂ ಇಲ್ಲ."

"ನನ್ನ ರೆಕ್ಕೆ?" ಪಿಸುದನಿ ಹೊರಟಿತು.

"ವಕ್ರ ಇದ್ದಿದ್ರೆ ಸುಳ್ಳು ಉಬ್ಬು ಕಾಣ್ತಿತ್ತು. ಒಂದು ಚೂರೂ ಇಲ್ಲ."

ಅಪ್ಪ ತೃಪ್ತಿಯಿಂದ ಕಣ್ಣು ಮುಚ್ಚಿದರು. ನರ್ಸನ್ನು ಕರೆಯಲು ದಡಬಡಿಸಿ ಎದ್ದೆ. ಅಷ್ಟರಲ್ಲಿ ಅವರ ಬೆರಳು ನನ್ನ ಕೈ ತಟ್ಟಿತು.

"ಮೊನ್ನೆ ಇನ್ನೊಂದು ಕೇಳಿದ್ದೆಯಲ್ಲ," ಎಂದರು. "ಈಗ ಬರ್ಕೋ. ಅಪ್ಪ ಎದ್ದ ಅಂತ."