ಬ್ರೇಕ್ ಬಿಚ್ಚಿದವರು ಜೊತೆಗೆ ಕೂರಬೇಕು

ನಮ್ಮ ಬಸ್ ಡಿಪೋದಲ್ಲಿ ಒಂದು ಕಟ್ಟಳೆ: ಬ್ರೇಕಿಗೆ ಕೈ ಹಾಕಿದ ಮೆಕ್ಯಾನಿಕ್ಕೇ ಟ್ರಯಲ್ ಓಟಕ್ಕೆ ಎಲ್ಲರಿಗಿಂತ ಮೊದಲು ಬಸ್ ಹತ್ತಬೇಕು. ಹಾಗೆ ಹತ್ತಿ ಹತ್ತಿಯೇ ನನಗೆ ‘ಬ್ರೇಕಕ್ಕ’ ಅಂತ ಹೆಸರು ಬಿದ್ದದ್ದು.

ನನ್ನ ಕಿಡ್ನಿಯ ಕ್ಯಾನ್ಸರ್ ಶ್ವಾಸಕೋಶಕ್ಕೂ ಹಬ್ಬಿದೆ ಅಂತ ಗೊತ್ತಾದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೈ ಕಾಯುವ ಕಣಗಳಿಗೂ ಬ್ರೇಕ್ ಇರುತ್ತದಂತೆ. ಈ ಹಾಳು ರೋಗ ಅದನ್ನೇ ಒತ್ತಿಹಿಡಿದು ಕೂತಿದೆಯಂತೆ. ಎರಡು ಔಷಧ ಒಟ್ಟಿಗೆ ಕೊಟ್ಟು ಎರಡು ಬ್ರೇಕ್ ಬಿಚ್ಚುತ್ತಾರಂತೆ.

“ಎರಡೂನಾ? ಡಿಪೋದಲ್ಲಾಗಿದ್ರೆ ನಿಮ್ಮ ಕೆಲಸ ಹೋಗ್ತಿತ್ತು,” ಅಂದೆ.

“ಅಪಾಯ ಇದೆ. ಬ್ರೇಕ್ ಬಿಚ್ಚಿದ ಕಾವಲಿನ ಕಣಗಳು ನಿಮ್ಮ ಕರುಳಿನ ಮೇಲೇ ತಿರುಗಿಬೀಳಬಹುದು. ಒಂದೇ ಕೊಡೋಣ್ವಾ?”

“ಎರಡೂ ಕೊಡಿ. ಬಿಚ್ಚಿದವರು ಜೊತೆಗೆ ಕೂರಬೇಕು, ಅಷ್ಟೇ.”

ಅವರು ನಕ್ಕು ತಮ್ಮ ನಂಬರ್ ಕೊಟ್ಟರು. “ಹೊಟ್ಟೆ ಕೆಟ್ಟ ದಿನವೇ ಫೋನ್ ಮಾಡಿ.”

ಎರಡನೇ ಡೋಸ್ ಆದಮೇಲೆ ಭೇದಿ ಶುರುವಾಯಿತು. ನಾನು ತುಟಿ ಪಿಟಕ್ ಅನ್ನಲಿಲ್ಲ. ಟ್ರಯಲ್‌ನಲ್ಲಿ ಸಣ್ಣಪುಟ್ಟ ಸದ್ದು ಬಂದರೆ ನಾವು ದಾರಿಯಲ್ಲಿ ಬಾಯಿ ಬಿಡುವವರಲ್ಲ, ಡ್ರೈವರ್ ಗಾಬರಿಬಿದ್ದು ಗಾಡಿ ನಿಲ್ಲಿಸಿಬಿಡ್ತಾನೆ. ಡಿಪೋಗೆ ಬಂದಮೇಲೇ ಹೇಳೋದು. ಔಷಧ ನಿಲ್ಲಿಸಿದರೆ ನನ್ನ ಕಥೆ ಮುಗೀತು ಅಂತ ಹೆದರಿದ್ದೆ. ಹೌದು ರೀ, ಹೆದರಿದ್ದೆ.

ಬಚ್ಚಲ ಬಾಗಿಲಲ್ಲಿ ಕುಸಿದು ಕೂತಿದ್ದವಳನ್ನು ತಂಗಿ ನೋಡಿದಳು. ರಕ್ತವನ್ನೂ ನೋಡಿದಳು.

“ಅಯ್ಯೋ ನಿನ್ನ! ಕತ್ತೆ ವಯಸ್ಸಾಯ್ತು, ಬುದ್ಧಿ ಬೇಡ್ವಾ ಅಕ್ಕಾ?” ಅಂತ ಬೈಯುತ್ತ, ಅಳುತ್ತ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

ಆಸ್ಪತ್ರೆಗೆ ಸೇರಿಸಿಕೊಂಡು ಎರಡೂ ಔಷಧ ನಿಲ್ಲಿಸಿದರು. ಕಾವಲಿನವರನ್ನು ಸಮಾಧಾನ ಮಾಡಲು ಸ್ಟಿರಾಯ್ಡ್ ಹಾಕಿದರು.

“ನಿಲ್ಲಿಸಬೇಡಿ! ಕರುಳು ಹೋದ್ರೆ ಹೋಗ್ಲಿ,” ಅಂತ ಹಲ್ಲು ಕಚ್ಚಿದೆ.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. “ಔಷಧ ನಿಂತರೂ ಎದ್ದ ಕಾವಲಿನವರು ಕೆಲಸ ಮುಂದುವರಿಸಬಹುದು. ಆದ್ರೆ ನೀವು ಬಾಯಿ ಮುಚ್ಚಿಕೊಂಡಿದ್ರೆ, ನಾನು ಜೊತೆಗೆ ಕೂತು ಏನು ಪ್ರಯೋಜನ, ಬ್ರೇಕಕ್ಕ?”

ನನ್ನ ಕಟ್ಟಳೆಯನ್ನು ನನಗೇ ತಿರುಗಿಸಿ ಹೊಡೆದಿದ್ದರು.

ಕರುಳು ತಹಬಂದಿಗೆ ಬಂದಮೇಲೆ ಸ್ಕ್ಯಾನ್ ಆಯಿತು. ಶ್ವಾಸಕೋಶದ ಗಂಟುಗಳು ಅರ್ಧಕ್ಕಿಳಿದಿದ್ದವು. ಪೂರ್ತಿ ಹೋಗಿರಲಿಲ್ಲ.

“ಇನ್ನು ಒಂದೇ ಔಷಧ ಕೊಡಬಹುದು,” ಅಂದರು ಡಾಕ್ಟರಮ್ಮ. “ಮತ್ತೆ ಹೊಟ್ಟೆ ಕೆಟ್ಟರೂ ಕೆಡಬಹುದು. ಏನಂತೀರಿ?”

ತಂಗಿ ನನ್ನ ಮುಖವನ್ನೇ ದುರುಗುಟ್ಟಿ ನೋಡುತ್ತಿದ್ದಳು. ನಾನು ತೋಳಿನ ಬಟ್ಟೆ ಮೇಲಕ್ಕೆ ಮಡಚಿ ಕೈ ಮುಂದೆ ಚಾಚಿದೆ.

“ಚುಚ್ಚಿ. ನಾನಿನ್ನೂ ಗಾಡಿಯಿಂದ ಇಳಿದಿಲ್ಲ ಅಂತ ಆ ದರಿದ್ರ ರೋಗಕ್ಕೆ ಗೊತ್ತಾಗ್ಲಿ. ಈ ಸಲ ಒಂಚೂರು ಸದ್ದು ಬಂದ್ರೂ ನಡುರಸ್ತೆಯಲ್ಲೇ ಕಿರುಚ್ತೀನಿ. ಫೋನ್ ಕೈಯಲ್ಲೇ ಇಟ್ಕೊಳ್ಳಿ, ಡಾಕ್ಟರಮ್ಮ.”