ಹಗ್ಗದಷ್ಟು ದೂರ

"ಮಗೂನ ನಾಯಿ ಥರ ಕಟ್ಟಾಕಿದೀಯಲ್ಲ, ನೀನೇನು ತಾಯೀನಾ? ನಿನ್ನದು ಹೆತ್ತ ಹೊಟ್ಟೆ ತಾನೇ?"

ಉದ್ದಕ್ಕನ ತಲೆಯ ಮೇಲೆ ಗಾರೆ ತುಂಬಿದ ಬಾಂಡ್ಲಿ ಇತ್ತು. ಭಾರ ಹೊತ್ತವರಿಗೆ ಬಯ್ಯುವವರ ಕಡೆ ಕತ್ತು ತಿರುಗಿಸುವ ಸುಖವೂ ಇರುವುದಿಲ್ಲ. ಕಣ್ಣನ್ನಷ್ಟೇ ಹೊರಳಿಸಿ ನೋಡಿದಳು. ಈ ಕಟ್ಟಡದ ಎರಡನೇ ಮಹಡಿಯಲ್ಲಿ ಮನೆ ಕೊಂಡಿರುವ ಮೇಡಂ. ಆಗಾಗ ಕಾರಿನಲ್ಲಿ ಬಂದು ತನ್ನ ಮನೆ ಎಷ್ಟು ಎದ್ದಿದೆ ಎಂದು ನೋಡಿಕೊಂಡು ಹೋಗುವವಳು. ಇವತ್ತು ಅವಳ ಕಣ್ಣು ಗೋಡೆ ಬಿಟ್ಟು ಗುಂಡನ ಮೇಲೆ ಬಿದ್ದಿತ್ತು.

ಗುಂಡ ಉದ್ದಕ್ಕನ ಕಿರಿಯವನು. ಈಚೆಗಷ್ಟೇ ಎದ್ದು ನಡೆಯಲು ಕಲಿತಿದ್ದ. ಹಳೇ ಬಟ್ಟೆ ಹರಿದು ಜಡೆಯಂತೆ ಹೆಣೆದ ಹಗ್ಗದ ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ಕಂಬಕ್ಕೆ. ಹಗ್ಗದ ಅಳತೆಯನ್ನು ಉದ್ದಕ್ಕ ಮೂರು ಸಲ ಕಟ್ಟಿ ಬಿಚ್ಚಿ ಹಿಡಿದಿದ್ದಳು. ಮರಳಿನ ಗುಡ್ಡೆ ಅವನ ಕೈಗೆ ಸಿಗಬೇಕು, ನೀರಿನ ತೊಟ್ಟಿ ಸಿಗಬಾರದು. ತೊಟ್ಟಿ ಅವನು ಮುಳುಗುವಷ್ಟು ಆಳವಿತ್ತು.

"ಬಿಟ್ರೆ ತೊಟ್ಟಿಗೆ ಬೀಳ್ತಾನೆ ಮೇಡಂ," ಎಂದಳು.

"ಹಾಗಂತ ಕಟ್ಟಾಕೋದಾ? ನೋಡ್ಕೊಳ್ಳೋಕಾಗಲ್ಲ ಅಂದ್ಮೇಲೆ ಯಾಕೆ ಹೆರ್ತೀರೋ! ಥೂ." ಮೇಡಂ ಫೋನ್ ತೆಗೆದು ಗುಂಡನ ಫೋಟೋ ಹಿಡಿದಳು. ಗುಂಡ ಫೋಟೋ ಹಿಡಿದವಳಿಗೆ ಚೆನ್ನಾಗಿ ನಕ್ಕ, ಪಾಪ, ಅವನಿಗೇನು ಗೊತ್ತು.

ಉದ್ದಕ್ಕ ಮೆಟ್ಟಿಲು ಹತ್ತಿದಳು. ಅವಳ ಹತ್ತಿರ ಮಾತಿರಲಿಲ್ಲವೆಂದಲ್ಲ. ಗೇಟಿನ ಪಕ್ಕದ ತಗಡಿನ ರೂಮು ತೋರಿಸಿ, "ಅದರ ಬೀಗ ತೆಗೆಸಿ ಮೇಡಂ, ನಾಳೆಯಿಂದ ಕಟ್ಟಲ್ಲ" ಎನ್ನಬೇಕಿತ್ತು. ಅನ್ನಲಿಲ್ಲ. ಅಂದಿದ್ದರೆ ಸಂಜೆ ಮೇಸ್ತ್ರಿ ಅವಳನ್ನು ಕೆಲಸ ಬಿಡಿಸಿ ಮನೆಗೆ ಕಳಿಸುತ್ತಿದ್ದ.

ಆ ರೂಮಿನ ಬಾಗಿಲ ಮೇಲೆ ಒಂದು ಬೋರ್ಡಿದೆ. ಅದನ್ನು ಸೈಟಿನ ಹೆಂಗಸರು ದಿನಾ ನೋಡುತ್ತಿದ್ದರು, ಓದುವವರು ಯಾರೂ ಇರಲಿಲ್ಲ. ಒಂದು ಸಂಜೆ ಶಾಲೆ ಮುಗಿಸಿ ಬಂದ ದೊಡ್ಡವಳು, ಉದ್ದಕ್ಕನ ಹಿರಿ ಮಗಳು, ಬೋರ್ಡಿನ ಕೆಳಗೆ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದ್ದಳು. "ಕಾರ್ಮಿಕರ ಮಕ್ಕಳ ಪಾಲನಾ ಕೊಠಡಿ. ಅಮ್ಮ, ಇದು ನಮ್ಮ ಗುಂಡನ ರೂಮು ಕಣಮ್ಮ! ಮತ್ತೆ ಅವನನ್ನ ಯಾಕೆ ಹೊರಗೆ ಕಟ್ತೀಯ?"

ಒಳಗಿದ್ದದ್ದು ಟೈಲ್ಸ್ ಪೆಟ್ಟಿಗೆಗಳು, ಬಣ್ಣದ ಡಬ್ಬಗಳು. ಹೆಂಗಸರು ಕೆಲಸ ಮಾಡುವ ಸೈಟಿನಲ್ಲಿ ಮಕ್ಕಳಿಗೆ ರೂಮಿರಬೇಕು, ನೋಡಿಕೊಳ್ಳಲು ಆಯಾ ಇರಬೇಕು ಅಂತ ಸರ್ಕಾರದ ರೂಲು. ರೂಲಿನ ಪ್ರಕಾರ ರೂಮು ಇತ್ತು. ರೂಮಿನ ಬೀಗದ ಕೈ ಇಂಜಿನಿಯರನ ಜೇಬಿನಲ್ಲಿತ್ತು.

ಮೇಡಂ ತೆಗೆದ ಫೋಟೋ ಎಲ್ಲೆಲ್ಲಿ ತಿರುಗಿತೋ, ಕೊನೆಗೆ ಇಂಜಿನಿಯರನ ಮೇಜಿಗೆ ಬಂದು ಬಿತ್ತು. ಅವನು ಉದ್ದಕ್ಕನನ್ನು ಆಫೀಸಿಗೆ ಕರೆಸಿ ಎಲ್ಲರೆದುರು ಉಗಿದ.

"ನಿನ್ನಿಂದ ನಮ್ಮ ಕಂಪನಿ ಮರ್ಯಾದೆ ಮೂರು ಕಾಸಿಗೆ ಹೋಯ್ತು. ನಾಳೆ ಲೇಬರ್ ಆಫೀಸಿಂದ ತಪಾಸಣೆಗೆ ಬರ್ತಾರೆ. ಮಗೂನ ಎಲ್ಲಿ ಬಿಡ್ತೀಯ ಅಂದ್ರೆ ಏನಂತೀಯ?"

"ಕಂಬದ ಹತ್ರ ಸಾರ್."

"ಅಯ್ಯೋ ದರಿದ್ರದವಳೇ! ರೂಮಲ್ಲಿ ಅನ್ನಬೇಕು. ದಿನಾ ರೂಮಲ್ಲೇ ಬಿಡ್ತೀನಿ ಅನ್ನಬೇಕು. ತಿಳೀತಾ?"

"ಹಂಗಾದ್ರೆ ನಾಳೆಯಿಂದ ರೂಮು ತೆಗೀತೀರಾ ಸಾರ್?"

ಇಂಜಿನಿಯರ್ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಕಿಸಕ್ಕನೆ ನಕ್ಕ. "ತೆಗೀತಾರೆ ಹೋಗು," ಎಂದ.

ಆ ರಾತ್ರಿ ಉದ್ದಕ್ಕ ಗುಂಡನನ್ನು ತಿಕ್ಕಿ ತೊಳೆದು, ಇದ್ದ ಒಂದೇ ಒಳ್ಳೆಯ ಅಂಗಿ ತೆಗೆದಿಟ್ಟಳು. ನಂಬಿದ್ದಳು, ಅಷ್ಟೇ.

ಬೆಳಿಗ್ಗೆ ಟೈಲ್ಸ್ ಪೆಟ್ಟಿಗೆಗಳು ಹೊರಗೆ ಬಂದಿದ್ದವು. ನೆಲಕ್ಕೆ ಹೊಸ ಚಾಪೆ. ಗೋಡೆಗೆ ಮೊಲ, ಆನೆ. ಮೂಲೆಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಆಟದ ಸಾಮಾನು, ಒಂದು ಕೆಂಪು ಚೆಂಡು. ಆಯಾ ಯಾರು ಅಂತೀರಾ? ಜಲ್ಲಿ ಹೊರುವ ಮುದುಕಿ. ಸೈಟಿನಲ್ಲಿ ಅವಳಷ್ಟು ಕೆಟ್ಟ ಬಾಯಿ ಇನ್ನೊಂದಿರಲಿಲ್ಲ. ಅವಳಿಗೆ ಎಲ್ಲಿಂದಲೋ ತಂದ ಬಿಳಿ ಕೋಟು ತೊಡಿಸಿ ಕೂರಿಸಿದ್ದರು.

"ಏ ಮೇಸ್ತ್ರಿ, ಈ ಕೋಟು ಹಾಕ್ಕೊಂಡು ಇಂಜೆಕ್ಷನ್ ಚುಚ್ಚಬೇಕೇನೋ? ಮೊದಲು ನಿನಗೇ ಚುಚ್ತೀನಿ, ತಿರುಗು."

"ಬಾಯಿ ಮುಚ್ಕೊಂಡು ಕೂತ್ಕೊಳೇ ಮುದುಕಿ. ಇವತ್ತೊಂದಿನ ನೀನು ಆಯಾ."

"ಇವತ್ತೊಂದಿನ ನಗು ಅಂತ ಹೇಳು, ನಗ್ತೀನಿ ಬೋಳಿಮಗನೆ."

ತಪಾಸಣೆಯ ಅಧಿಕಾರಿ ಬಂದಾಗ ಬಿಸಿಲು ಏರಿತ್ತು. ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತ. ವಯಸ್ಸಾದ ಮನುಷ್ಯ, ಕೆಟ್ಟವನ ಹಾಗೇನೂ ಕಾಣಲಿಲ್ಲ. ಇಂಜಿನಿಯರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ನಿನ್ನ ಮಗುನೇನಮ್ಮ ಫೋಟೋದಲ್ಲಿದ್ದದ್ದು? ದಿನಾ ಇಲ್ಲೇ ಬಿಡ್ತೀಯಾ?"

ಉದ್ದಕ್ಕ ಇಂಜಿನಿಯರನ ಕಡೆ ನೋಡಿದಳು. ಇವತ್ತು ಹೌದು ಅಂದರೆ ನಾಳೆಯಿಂದ ರೂಮು. "ಹೌದು ಸಾರ್, ದಿನಾ ಇಲ್ಲೇ. ಅವತ್ತೊಂದಿನ ಹಂಗಾಯ್ತು."

"ಬಿಡು ನೋಡೋಣ, ಆಡ್ಲಿ."

ಅವಳು ಗುಂಡನನ್ನು ಕಂಕುಳಿಂದ ಇಳಿಸಿ ಬಾಗಿಲ ಪಕ್ಕ ನಿಲ್ಲಿಸಿದಳು. ಸೊಂಟದಲ್ಲಿ ಹಗ್ಗವಿರಲಿಲ್ಲ. ಗುಂಡನಿಗೆ ಕೆಂಪು ಚೆಂಡು ಕಂಡಿತು. ಕಿಲಕಿಲನೆ ನಗುತ್ತ, ಬೀಳುತ್ತ ಏಳುತ್ತ ಹೊರಟ. ಚೆಂಡು ಇನ್ನೇನು ಒಂದೆರಡು ಹೆಜ್ಜೆ ದೂರವಿದೆ ಎನ್ನುವಾಗ ಗಕ್ಕನೆ ನಿಂತ. ಯಾರೂ ಎಳೆದಿರಲಿಲ್ಲ. ಒಂದು ಸಲ ತನ್ನ ಸೊಂಟ ಮುಟ್ಟಿ ನೋಡಿಕೊಂಡ. ಆಮೇಲೆ, ಕಂಬದ ಹತ್ತಿರ ದಿನಾ ಮಾಡುತ್ತಿದ್ದ ಹಾಗೆಯೇ, ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದ. ಬೆರಳು ಚೆಂಡಿಗೆ ತಾಗಲಿಲ್ಲ. ಇನ್ನೂ ಸ್ವಲ್ಪ ಚಾಚಿದ. ತೆವಳಿಕೊಂಡು ಒಂದಿಷ್ಟು ಮುಂದೆ ಹೋಗಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಸುಮ್ಮನೆ ಎದ್ದು ವಾಪಸು ಬಂದು ಅಮ್ಮನ ಕಾಲ ಬಳಿ ಕೂತ.

"ಎಷ್ಟು ಶಿಸ್ತು ನೋಡಿ!" ಅಧಿಕಾರಿ ಮೆಚ್ಚಿಕೊಂಡ. "ನಮ್ಮನೇಲಿ ಮೊಮ್ಮಗ ಇದಾನೆ, ಒಂದು ಗಳಿಗೆ ಒಂದ್ಕಡೆ ನಿಲ್ಲಲ್ಲ. ಚೆನ್ನಾಗಿ ನೋಡ್ಕೋತಿದೀಯ ಅಜ್ಜಿ."

ಗುಂಡ ನಿಂತದ್ದನ್ನು ಕೆಟ್ಟ ಬಾಯಿಯ ಮುದುಕಿಯೂ ನೋಡಿದ್ದಳು. ಬಿಳಿ ಕೋಟಿನ ತೋಳಿನಲ್ಲಿ ಮೂಗು ಒರೆಸಿಕೊಂಡಳು.

ಅಧಿಕಾರಿಯ ಜೀಪು ಗೇಟು ದಾಟುತ್ತಿದ್ದಂತೆ ಚಾಪೆ ಸುತ್ತಿದರು. ಚೆಂಡು ಪೆಟ್ಟಿಗೆ ಸೇರಿತು. ಟೈಲ್ಸ್ ಒಳಗೆ ಹೋದವು. ಇಂಜಿನಿಯರ್ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಇಳಿಸಿದ.

"ಸಾರ್, ರೂಮು ತೆಗೀತೀನಿ ಅಂದಿದ್ರಿ."

"ತೆಗೆದಿದ್ನಲ್ಲ, ನೋಡಲಿಲ್ವಾ? ಕೇಳಿಲ್ಲಿ. ಇನ್ಮೇಲೆ ಹಗ್ಗ ನನ್ನ ಕಣ್ಣಿಗೆ ಬಿದ್ರೆ ನೀನು ಗೇಟಿಂದ ಆಚೆ. ನಿನಗೊಬ್ಬಳು ದೊಡ್ಡ ಮಗಳಿದಾಳಂತಲ್ಲ, ಅವಳನ್ನ ಮನೇಲಿ ಬಿಟ್ಟು ನೋಡ್ಕೊಳ್ಳೋಕೆ ಹೇಳು. ನಿಮ್ಮ ಮಕ್ಕಳು ಓದಿ ಏನು ಕಡಿದು ಗುಡ್ಡೆ ಹಾಕಬೇಕು?"

ಉದ್ದಕ್ಕನಿಗೆ ತನ್ನ ಮೇಲೇ ಅಸಹ್ಯವಾಯಿತು. ಹೌದು ಸಾರ್ ಎಂದ ನಾಲಿಗೆಯನ್ನು ಕಿತ್ತು ಎಸೆಯಬೇಕೆನಿಸಿತು. ರೂಮು ಹೋಯಿತು, ಈಗ ಹಗ್ಗವೂ ಹೋಯಿತು. ಉಳಿದದ್ದು ದೊಡ್ಡವಳ ಶಾಲೆ.

ಉದ್ದಕ್ಕನ ಸೊಂಟ ಎಡಕ್ಕೆ ವಾಲಿಕೊಂಡಿದೆ. ನೋಡಿದವರು ಗಾರೆ ಹೊತ್ತು ಹೀಗಾಗಿದೆ ಅಂದುಕೊಳ್ಳುತ್ತಾರೆ. ಗಾರೆಯಲ್ಲ. ದೊಡ್ಡವಳಷ್ಟಿದ್ದಾಗ ಅವಳನ್ನು ಶಾಲೆ ಬಿಡಿಸಿ ತಮ್ಮನನ್ನು ಸೊಂಟಕ್ಕೆ ಹಾಕಿದ್ದರು. ಅವನು ಇಳಿಯುವ ಹೊತ್ತಿಗೆ ಇನ್ನೊಬ್ಬ. ಮೂಳೆ ಬೆಳೆಯುವ ಕಾಲವೆಲ್ಲ ಹಾಗೇ ಕಳೆದು, ಸೊಂಟ ಹಾಗೇ ನಿಂತುಬಿಟ್ಟಿತು. ದೊಡ್ಡವಳು ಹುಟ್ಟಿದ ದಿನವೇ ಅವಳ ಸೊಂಟ ತಡವಿ, ಇದನ್ನು ವಾಲಲು ಬಿಡುವುದಿಲ್ಲ ಎಂದುಕೊಂಡಿದ್ದಳು. ಹಗ್ಗ ಹೆಣೆದದ್ದು ಅದಕ್ಕೇ.

ಸಂಜೆ ಅವರಿರುವ ಶೆಡ್ಡಿನಲ್ಲಿ, ಅದೇ ಸೈಟಿನಲ್ಲಿ ಕೂಲಿ ಮಾಡುವ ಗಂಡ ಅಂಗೈಗೆ ಚುಚ್ಚಿದ ಕಂಬಿಯ ಚೂರು ಕೀಳುತ್ತ ಕೂತಿದ್ದ. ಎಲ್ಲ ಕೇಳಿ, ತಲೆ ಎತ್ತದೆ ಹೇಳಿದ:

"ಒಂದು ವರ್ಷ ಬಿಡಿಸೋಣ. ಗುಂಡ ದೊಡ್ಡೋನಾದ್ಮೇಲೆ ಮತ್ತೆ ಸೇರಿಸಿದ್ರಾಯ್ತು."

"ನಮ್ಮಪ್ಪಾನೂ ಹಿಂಗೇ ಅಂದಿದ್ದ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ."

"ಮತ್ತೇನು ಮಾಡ್ಲಿ ನಾನು? ಇಬ್ರ ಕೂಲಿ ಇಲ್ದೆ ಒಲೆ ಉರಿಯುತ್ತಾ? ನೀನೇ ಹೇಳು, ಹೇಳೇ!" ಕೂಗಿದ. ಅವಳ ಮೇಲೆ ಕೂಗಿದ್ದಲ್ಲ, ಅವಳಿಗೂ ಅದು ಗೊತ್ತಿತ್ತು. ಆದರೂ ಮೈ ಉರಿಯಿತು.

ಮೂಲೆಯಲ್ಲಿ ದೊಡ್ಡವಳು ತನ್ನ ಚೀಲವನ್ನು ನೀರಿನ ಡ್ರಮ್ಮಿನ ಹಿಂದಕ್ಕೆ ತಳ್ಳುತ್ತಿದ್ದಳು. "ನಾನೇ ನೋಡ್ಕೋತೀನಿ ಬಿಡಮ್ಮ. ಸ್ಕೂಲಲ್ಲಿ ಏನೂ ಹೇಳ್ಕೊಡಲ್ಲ. ನನಗೂ ಬೇಜಾರು." ಸುಳ್ಳು ಹೇಳುವುದು ಹುಡುಗಿಗೆ ಇನ್ನೂ ಬರುತ್ತಿರಲಿಲ್ಲ; ಹೇಳಿ ಮುಗಿಸುವಷ್ಟರಲ್ಲಿ ಗಲ್ಲ ಅದುರಿತು. ಗುಂಡನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಎಡ ಸೊಂಟಕ್ಕೆ.

"ಇಳಿಸೇ ಅವನನ್ನ!" ಉದ್ದಕ್ಕ ಎಷ್ಟು ಜೋರಾಗಿ ಕಿರುಚಿದಳೆಂದರೆ ಪಕ್ಕದ ಶೆಡ್ಡಿನಿಂದ ಮುದುಕಿ ಓಡಿ ಬಂದಳು.

ಮರುದಿನ ಮೇಲಿನ ಮಹಡಿಗೆ ಮೋಲ್ಡ್ ಹಾಕುವ ದಿನ. ಮೋಲ್ಡ್ ದಿನವೆಂದರೆ ಸೈಟಿನಲ್ಲಿ ಯಾರಿಗೂ ಉಸಿರಾಡಲು ಬಿಡುವಿಲ್ಲ. ಕಾಂಕ್ರೀಟ್ ಸುರಿಯಲು ಶುರುವಾದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಹಾಕಿದ್ದು ಗಟ್ಟಿಯಾಗಿ, ಮುಂದೆ ಹಾಕಿದ್ದು ಅದಕ್ಕೆ ಕೂಡಿಕೊಳ್ಳದೆ, ಇಡೀ ತಾರಸಿ ಸೋರುತ್ತದೆ. ಅದಕ್ಕೇ ಮಿಕ್ಸರಿನಿಂದ ಮೇಲಿನವರೆಗೆ ಹೆಂಗಸರ ಸಾಲು. ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತಿರಬೇಕು. ಮಗು ಅತ್ತರೂ ಸಾಲು ಬಿಡುವಂತಿಲ್ಲ.

ಉದ್ದಕ್ಕ ದೊಡ್ಡವಳ ಚೀಲವನ್ನು ಡ್ರಮ್ಮಿನ ಹಿಂದಿನಿಂದ ಎಳೆದು, ಹೆಗಲಿಗೆ ಹಾಕಿ, ಶಾಲೆಯ ಗೇಟಿನೊಳಗೆ ತಳ್ಳಿಯೇ ಬಂದಳು. ಮಿಕ್ಸರ್ ಗುಡುಗುಡು ಶುರುವಾಗುವವರೆಗೆ ಸೈಟಿನ ಹೊರಗೆ ಕಾದಳು. ಆಮೇಲೆ ಸೀದಾ ಆಫೀಸಿಗೆ ನಡೆದಳು. ಗುಂಡನನ್ನು ಇಂಜಿನಿಯರನ ಮೇಜಿನ ಮುಂದೆ ಇಳಿಸಿ, ಹಗ್ಗವನ್ನು ಮೇಜಿನ ಮೇಲೆ ಇಟ್ಟಳು.

"ಏನಿದು?"

"ಹಗ್ಗ ಕಂಡ್ರೆ ಆಚೆ ಅಂದ್ರಲ್ಲ ಸಾರ್, ತಗೊಳ್ಳಿ, ನಿಮ್ಮ ಹತ್ರಾನೇ ಇರ್ಲಿ. ಮಗೂನೂ ಇಲ್ಲೇ ಇರುತ್ತೆ. ಬಾಗಿಲಾಚೆ ತೊಟ್ಟಿ ಇದೆ, ಜೋಪಾನ."

"ಏಯ್! ಎಲ್ಲಿಗೆ ಹೋಗ್ತಿದೀಯ? ಏಯ್!"

ಅವಳು ಹಿಂತಿರುಗಲಿಲ್ಲ. ಸಾಲಿನ ನಡುವೆ, ಮುದುಕಿಗಿಂತ ಒಂದು ಮೆಟ್ಟಿಲು ಮೇಲೆ ನಿಂತು ಬಾಂಡ್ಲಿಗೆ ಕೈ ಚಾಚಿದಳು. ಮೋಲ್ಡ್ ನಡೆಯುವಾಗ ಅವಳನ್ನು ಸಾಲಿನಿಂದ ಎಳೆಯುವ ಧೈರ್ಯ ಯಾರಿಗೂ ಇಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೂ ಬಾಂಡ್ಲಿ ದಾಟಿಸುತ್ತಲೇ ಕಣ್ಣನ್ನು ಆಫೀಸಿನ ಬಾಗಿಲ ಮೇಲೆ ನೆಟ್ಟಿದ್ದಳು. ಗುಂಡ ಹೊಸ್ತಿಲಿಗೆ ಬಂದ. ತೊಟ್ಟಿಯ ಕಡೆ ಎರಡು ಹೆಜ್ಜೆ ಇಟ್ಟ.

ಇಂಜಿನಿಯರ್ ಓಡಿ ಬಂದು ಎತ್ತಿಕೊಂಡ. ಫೋನು ಹೊಡೆದುಕೊಳ್ಳುತ್ತಿತ್ತು. ಗುಂಡ ಕಿರುಚಿ ಅವನ ಕನ್ನಡಕ ಕಿತ್ತ. ಅಷ್ಟರಲ್ಲಿ ಗೇಟಿನಾಚೆ ಮೇಡಂ ಕಾರು ಹಾರ್ನ್ ಹಾಕಿತು. ಇಂಜಿನಿಯರ್ ಅತ್ತ ನೋಡಿದ, ಇತ್ತ ನೋಡಿದ. ಒಳಗೆ ಹೋಗಿ ಹಗ್ಗ ತಂದ. ಒಂದು ತುದಿ ಮಗುವಿನ ಸೊಂಟಕ್ಕೆ, ಇನ್ನೊಂದು ಅದೇ ಕಂಬಕ್ಕೆ. ಗಂಟು ಹಾಕಲು ಬರದೆ ಎರಡೆರಡು ಸಲ ಬಿಗಿದ.

ಸಾಲಿನ ಹೆಂಗಸರೆಲ್ಲ ನೋಡಿದರು. "ನೋಡ್ರೇ, ಇಂಜಿನಿಯರು ಹೊಸ ಕೆಲಸ ಕಲಿತ!" ಎಂದಳು ಮುದುಕಿ. ಯಾರೂ ನಗಲಿಲ್ಲ.

ಮೇಡಂ ಕಾರಿನಿಂದ ಇಳಿದಳು. ಕಂಬ ಅವಳ ಎದುರಿಗೇ ಇತ್ತು. ಗುಂಡ ಹಗ್ಗದ ತುದಿಯವರೆಗೂ ಬಂದು ಅವಳ ಕಡೆ ಕೈ ಚಾಚಿದ. ಇಂಜಿನಿಯರನ ಕೈಯಲ್ಲಿ ಹಗ್ಗದ ಒಂದು ಸುತ್ತು ಇನ್ನೂ ಇತ್ತು. ಅವಳು ಮಗುವನ್ನು ನೋಡಿದಳು, ಹಗ್ಗ ನೋಡಿದಳು, ಇಂಜಿನಿಯರನ ಮುಖವನ್ನೂ ನೋಡಿದಳು. ಉದ್ದಕ್ಕ ಕಾದಳು. ಅದೇ ಮಾತು ಈಗ ಬರಬೇಕು. ನಾಯಿ ಥರ ಕಟ್ಟಾಕಿದೀಯಲ್ಲ. ನೀನೇನು ಮನುಷ್ಯನಾ.

ಮೇಡಂ ಮಗುವನ್ನು ಸುತ್ತು ಹಾಕಿ ದಾಟಿದಳು.

"ನಮ್ಮ ಬಾಲ್ಕನಿಗೆ ಗ್ರಿಲ್ ಯಾವಾಗ ಹಾಕಿಸ್ತೀರಾ?" ಎಂದು ಕೇಳಿದಳು. "ಮನೇಲಿ ಸಣ್ಣ ಮಗು ಇದೆ. ನನಗೆ ಅದೇ ಭಯ ಆಗಿದೆ."

ಕೆಳಗಿನಿಂದ ಮುದುಕಿ ಬಾಂಡ್ಲಿ ಎತ್ತಿ ಕೊಟ್ಟಳು. ಉದ್ದಕ್ಕ ಇಸಿದುಕೊಳ್ಳಲಿಲ್ಲ.

"ಹಿಡಿಯೇ," ಎಂದಳು ಮುದುಕಿ. ಮೇಲೆ ನೋಡಿದಳು. ಉದ್ದಕ್ಕನ ಮುಖ ಕಂಡಿತು. ಬಾಂಡ್ಲಿಯನ್ನು ತನ್ನ ಕಾಲ ಬಳಿ ಮೆಟ್ಟಿಲ ಮೇಲೆ ಇಟ್ಟು, ಅದರ ಅಂಚಿನ ಮೇಲೆ ಒಂದು ಕಾಲಿಟ್ಟು ನಿಂತಳು. ಅವಳ ಕೆಳಗಿನವಳೂ ಇಟ್ಟಳು. ಅವಳ ಕೆಳಗಿನವಳೂ.

"ಏನಾಯ್ತೇ?" ಮೇಲೆ ಕಾಂಕ್ರೀಟ್ ಎಳೆಯುತ್ತಿದ್ದ ಉದ್ದಕ್ಕನ ಗಂಡ ಬಗ್ಗಿ ಕೂಗಿದ.

"ಏನೂ ಆಗಿಲ್ಲ. ನಿಂತ್ಕೋ."

ಅವನು ಒಂದು ಗಳಿಗೆ ಅವಳನ್ನೇ ನೋಡಿ, ಸಲಿಕೆ ಕೆಳಗೆ ಹಾಕಿದ.

"ಏ ಮುಂಡೇರಾ!" ಮೇಸ್ತ್ರಿ ಹುಚ್ಚನ ಹಾಗೆ ಮೆಟ್ಟಿಲು ಹತ್ತಿ ಇಳಿದ. "ಮೋಲ್ಡ್ ಕೆಟ್ಟೋಗುತ್ತೆ ಕಣ್ರೇ! ಎತ್ರೇ ಬಾಂಡ್ಲಿ! ಯಾವಳೇ ಅದು ನಿಲ್ಲಿಸಿದ್ದು?"

"ನಾನು," ಎಂದಳು ಉದ್ದಕ್ಕ. ಅವಳು ಮೇಸ್ತ್ರಿಯನ್ನು ನೋಡಲೇ ಇಲ್ಲ. ಇವತ್ತು ತಲೆಯ ಮೇಲೆ ಭಾರವಿರಲಿಲ್ಲ. ಕತ್ತು ಪೂರ್ತಿ ತಿರುಗಿಸಿ ಇಂಜಿನಿಯರನನ್ನು ನೋಡಿದಳು. "ಸಾರ್, ರೂಮಿನ ಬೀಗ ತೆಗೀರಿ."

ಕೆಳಗೆ ಮಿಕ್ಸರ್ ತಿರುಗುತ್ತಲೇ ಇತ್ತು. ಅದರ ಬಾಯಿಂದ ಕಾಂಕ್ರೀಟ್ ನೆಲಕ್ಕೆ ಸುರಿದು ಹರಡುತ್ತಿತ್ತು, ಹೊರುವವರು ಯಾರೂ ಇರಲಿಲ್ಲ. ಮೇಲೆ ಅರ್ಧ ಹಾಕಿದ ತಾರಸಿ ಬಿಸಿಲಿಗೆ ಬಿಳಿಚಿಕೊಳ್ಳುತ್ತಿತ್ತು. ಗುಂಡ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದ್ದ. ಇಂಜಿನಿಯರನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತ್ತು.