ಡೇರಿ ಸಾಲಿನಲ್ಲಿ ಅತ್ತೆ ಹೇಳಿದ ಸುಳ್ಳು

ತೊಂಬತ್ತೊಂಬತ್ತರ ಮಾತು. ನಮ್ಮತ್ತೆ ಮುದ್ದಮ್ಮ ಯೇಸುವನ್ನು ನಂಬಿ ಎರಡು ವರ್ಷವಾಗಿತ್ತು, ಆ ಎರಡು ವರ್ಷವೂ ನನ್ನ ಕಿವಿಗೆ ಬಿಡುವಿರಲಿಲ್ಲ. ಸೆಗಣಿ ಬಾಚುವಾಗ ಯೇಸಪ್ಪ, ಮುದ್ದೆ ತೊಳಸುವಾಗ ಯೇಸಪ್ಪ. "ಸುನೀತಾ, ಸುಳ್ಳೊಂದ್ ಬುಟ್ಬುಡು ಕಣವ್ವ, ಮಿಕ್ಕಿದ್ದೆಲ್ಲ ಯೇಸಪ್ಪ ನೋಡ್ಕತಾನೆ" ಎನ್ನುತ್ತಿದ್ದರು. ನನ್ನ ಗಂಡ ನಿಂಗರಾಜು ತಾಂಡ್ಯದ ಫ್ಯಾಕ್ಟರಿಯ ಶಿಫ್ಟಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಸಿಕ್ಕಿಬಿದ್ದವಳು ನಾನು. ಕೊನೆಗೆ ಅವರ ಕಾಟ ತಾಳಲಾರದೆ, ಬರುವ ಭಾನುವಾರ ನರಸೀಪುರಕ್ಕೆ ಬರುತ್ತೇನೆಂದು ಒಪ್ಪಿಕೊಂಡೆ. ಹೊಸದಾಗಿ ನಂಬಿದವರನ್ನು ಅಲ್ಲಿ ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಿದ್ದರು. ಅದನ್ನು ನೋಡುತ್ತೇನೆ ಅಂದಿದ್ದಕ್ಕೇ ಅತ್ತೆಯ ಮುಖ ಊರಗಲವಾಯಿತು.

ಅದೇ ವಾರ ನಡೆಯಬಾರದ್ದು ನಡೆಯಿತು. ಬಿಳಿಗೆರೆ ಪಕ್ಕದ ನಮ್ಮೂರ ಡೇರಿಯಲ್ಲಿ ಹಾಲು ನೋಡುವ ಸಿದ್ದಮಲ್ಲಪ್ಪನವರು ನಮ್ಮ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಅದು ಕಂತಿಯೇ ಹೋಯಿತು.

"ಮುದ್ದಮ್ಮಾರೇ, ಇದ್ರಲ್ಲಿ ಆಲ್ಗಿಂತ ನೀರೇ ಜಾಸ್ತಿ ಅದಲ್ಲ!"

ಸಾಲಿನಲ್ಲಿದ್ದ ಹೆಂಗಸರೆಲ್ಲ ಕತ್ತು ಚಾಚಿದರು. ನಾನು ಅತ್ತೆಯ ಬೆನ್ನಿಗೇ ನಿಂತಿದ್ದೆ. ಅವರು ತಿರುಗಿಯೂ ನೋಡಲಿಲ್ಲ.

"ನಂಗೇನ್ ಗೊತ್ತಪ್ಪ? ಇವತ್ತು ಕರ್ದೋಳು ನನ್ ಸೊಸೆ."

ನನಗೆ ಸಿಡಿಲು ಬಡಿದಂತಾಯಿತು. ನಾನು ಅಂದು ಹಸುವಿನ ಹತ್ತಿರ ಸುಳಿದೇ ಇರಲಿಲ್ಲ! ಮನೆಗೆ ಬಂದು ಜಾಡಿಸಿದಾಗ ನಿಜ ಹೊರಬಿತ್ತು. ಕರು ಹಗ್ಗ ಬಿಚ್ಚಿಕೊಂಡು ಹಾಲೆಲ್ಲ ಕುಡಿದುಬಿಟ್ಟಿತ್ತು. ಎಲ್ಲರೆದುರು ಒಂದಿಷ್ಟೇ ಹಾಲು ಅಳೆಸಲು ನಾಚಿಕೊಂಡು ಅತ್ತೆ ನೀರು ಸುರಿದಿದ್ದರು. ಹೇಳುವುದು ಆಚಾರ, ಮಾಡುವುದು ಅನಾಚಾರ.

"ಇನ್ನೊಂದ್ ಸಲ ಯೇಸು ಅಂತ ನನ್ ಮುಂದೆ ಬಾಯ್ ಬುಟ್ರೆ ನೋಡಿ! ನರಸೀಪುರಕ್ಕೂ ಬರಕಿಲ್ಲ, ಎಲ್ಗೂ ಬರಕಿಲ್ಲ" ಎಂದೆ. ಅತ್ತೆ ಕೊಟ್ಟಿಗೆಯಲ್ಲಿ ಕೂತುಬಿಟ್ಟರು. ಊಟಕ್ಕೂ ಏಳಲಿಲ್ಲ.

ಶನಿವಾರ ಬೆಳಿಗ್ಗೆ ಡೇರಿ ಸಾಲಿನಲ್ಲಿ ಅವರು ಇದ್ದಕ್ಕಿದ್ದಂತೆ ದನಿ ಎತ್ತಿದರು. "ಸಿದ್ದಮಲ್ಲಪ್ನೋರೇ, ಅವತ್ತು ನೀರ್ ಉಯ್ದೋಳು ನಾನು. ಸೊಸೆ ಮ್ಯಾಲೆ ಸುಳ್ ಏಳ್ದೆ."

ನಾನು ಕಣ್ಣು ಕಣ್ಣು ಬಿಟ್ಟೆ. ಅಷ್ಟಕ್ಕೇ ಸುಮ್ಮನಾಗಬಾರದೇ ಈ ಮುದುಕಿ? ಅದರ ಹಿಂದೆಯೇ, "ನಾಳೆ ನರಸೀಪುರದಲ್ಲಿ ದೀಕ್ಷಾಸ್ನಾನ ಅದೆ, ಬರೋರು ಬನ್ರವ್ವ" ಎನ್ನಬೇಕೇ!

"ಆಲ್ಗೆ ನೀರ್ ಉಯ್ಯೋಳು ನಮ್ಗೆ ದೇವ್ರ ದಾರಿ ತೋರ್ಸಕ್ ಬಂದವ್ಳೆ" ಎಂದು ಸಾಲಿನಲ್ಲಿದ್ದ ಪುಟ್ಟಬಸಮ್ಮ ನಕ್ಕಳು. ಎಲ್ಲರೂ ನಕ್ಕರು. ನಾಚಿಕೆಯಿಂದ ನಾನು ಭೂಮಿಗಿಳಿದುಹೋದೆ.

ಅತ್ತೆ ಕ್ಯಾನು ಕೆಳಗಿಟ್ಟರು. "ಊಂ ಕಣವ್ವ, ನೀರ್ ಉಯ್ದೋಳೇ ಕರೀತಾ ಇವ್ನಿ" ಎಂದರು.

ದಾರಿಯಲ್ಲಿ ನನಗೆ ಹೇಳಿದ್ದು ಬೇರೆಯೇ ಮಾತು. "ನೀನ್ ಬರ್ಬ್ಯಾಡ ಸುನೀತಾ. ನನ್ ಮಕ ನೋಡಿ ಬಂದ್ರೆ, ನನ್ ಮಕ ನೋಡೇ ವಾಪಸ್ ಓಯ್ತೀಯ."

ಇಷ್ಟು ದಿನ ಬಾ ಬಾ ಎಂದು ಜೀವ ತಿಂದವರು ಈಗ ಬರಬೇಡ ಅನ್ನುವುದೆಂದರೇನು? ಭಾನುವಾರ ಅವರಿಗಿಂತ ಮೊದಲು ಹೋಗಿ ನಾನೇ ಬಸ್ಸಿಗೆ ನಿಂತೆ. ಸಿಟ್ಟೇನೂ ಇಳಿದಿರಲಿಲ್ಲ. ಯಾವ ಮುಖ ಹೊತ್ತು ಅಲ್ಲಿ ನಿಲ್ಲುತ್ತಾರೋ ನೋಡಿಯೇಬಿಡೋಣ ಎಂದೇ ಹೊರಟಿದ್ದೆ. ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿ ಪಕ್ಕಪಕ್ಕ ಕೂತ ಮೇಲೆ ತಡೆಯಲಾಗಲಿಲ್ಲ.

"ಅತ್ತೆ, ಆ ನಿಮ್ ಯೇಸಪ್ಪ ನಿಮ್ಮಂತೋರ್ನ ಯಾಕ್ ಇಟ್ಕಂಡವ್ನೆ?"

ಮುಂಚೆಯಾಗಿದ್ದರೆ ನರಸೀಪುರ ಬರುವವರೆಗೂ ಉತ್ತರ ಹೇಳುತ್ತಿದ್ದರು. ಈಗ ಸೆರಗಿನಿಂದ ಮೂಗು ಒರೆಸಿಕೊಂಡರು.

"ಅದೇ ನಂಗೂ ಗೊತ್ತಾಯ್ತಿಲ್ಲ ಕಣವ್ವ. ಆದ್ರೂ ಇಟ್ಕಂಡವ್ನೆ."

ನಾನು ದಂಗಾಗಿ ಅವರನ್ನೇ ನೋಡಿದೆ. ಯೇಸುವಿನ ಬಗ್ಗೆ ಅವರು ಆಡಿದ ಅಷ್ಟೊಂದು ಮಾತುಗಳಲ್ಲಿ ನಾನು ನಂಬಿದ್ದು ಅದೊಂದನ್ನೇ.